ಗೋಗಿಯ ಗೋರಿಗಳು, ಗಡಿಯ ಜಗಳಗಳು

(ಮಾತಾಡುವವರು ಇಬ್ಬರು: ಸುರಪುರದ ನಿವೃತ್ತ ಇತಿಹಾಸ ಮಾಸ್ತರರೊಬ್ಬರು, ಶಹಾಪುರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಅವರ ಅಣ್ಣನ ಮಗಳು.)

ಮಗಳು: ಕಾಕಾ, ಕ್ಲಾಸಿನಾಗ ಹುಡುಗ್ರು ಒಂದೇ ಪ್ರಶ್ನೆ ಹಿಡ್ಕೊಂಡಾರ. ಪಾಕಿಸ್ತಾನದ ಜೋಡಿ ಮತ್ತ ಯುದ್ಧ ಆಗ್ತದೋ ಇಲ್ಲೋ ಅಂತ. ಪುಸ್ತಕದಾಗಿನ ಉತ್ತರ ಅವರಿಗೆ ಬ್ಯಾಡ. ನೂರಕ್ಕ ಎಷ್ಟು ಸಂಭವ ಅದ ಹೇಳ್ರಿ ಮೇಡಂ, ಅಂತಾರ.

ಕಾಕಾ: ಗೋಗಿಗೆ ಕರಕೊಂಡು ಹೋಗು ಅವರನ್ನ. ಶಹಾಪುರದಿಂದ ದೂರ ಏನಿಲ್ಲ.

ಮಗಳು: ಗೋಗಿಗಾ? ಯುರೇನಿಯಂ ತೋರಿಸ್ಲಿಕ್ಕೇನ್ರಿ?

ಕಾಕಾ: ಅದಕ್ಕೂ ಬರೋಣಂತ. ಮೊದಲು ಚಂದಾ ಹುಸೇನಿ ದರ್ಗಾದ ಹತ್ರ ಇರೋ ಗೋರಿ ನೋಡ್ಲಿ. ವಿಜಯಪುರಕ್ಕ ಹೋಗಿ ಗೋಳಗುಮ್ಮಟ ನೋಡಿ ಬಂದೋರಿಗೂ ಆದಿಲ್‌ಶಾಹಿಯ ಮೊದಲಿನ ಸುಲ್ತಾನರು ನಮ್ಮ ಶಹಾಪುರ ತಾಲೂಕಿನಾಗ ಮಲಗ್ಯಾರ ಅಂತ ಗೊತ್ತಿರೂದಿಲ್ಲ. ಯೂಸುಫ್ ಆದಿಲ್ ಶಾಹ ಅಲ್ಲೇ ಇದ್ದಾನ, ಅವನ ಮಗ ಇಸ್ಮಾಯಿಲ್ ಅಲ್ಲೇ, ಮೊಮ್ಮಗ ಇಬ್ರಾಹಿಂ ಅಲ್ಲೇ. ಆ ಇಸ್ಮಾಯಿಲನ ಗೋರಿ ಮುಂದ ನಿಂದ್ರಿಸಿ ಹೇಳು: 1520ರಾಗ ಕೃಷ್ಣಾ ಹೊಳಿ ದಾಟಿ ಕೃಷ್ಣದೇವರಾಯನ ಮ್ಯಾಲ ಯುದ್ಧಕ್ಕ ಹೋದಾಂವ ಇವನೇ ಅಂತ. ಹೊಳಿ ದಂಡಿಗೆ ಡೇರೆ ಹಾಕಿ ಕುಡೀಲಿಕ್ಕೆ ಕೂತಿದ್ದ, ಕುಡಿದ ಅಮಲಿನಾಗೇ ದಾಟೂದು ಅಂತ ಎದ್ದ, ತೆಪ್ಪ ಇನ್ನೂ ಪೂರಾ ತಯಾರಾಗಿರಲಿಲ್ಲ, ಆದ್ರೂ ದಾಟಿದ. ಹಿಂಗ ಬರದವ ಫೆರಿಶ್ತಾ. ಸೋತು ತಿರುಗಿ ಓಡೋವಾಗ ಅದೇ ಹೊಳಿ ಅಡ್ಡ ಬಂತು. ಎಷ್ಟೋ ಮಂದಿ ನೀರುಪಾಲಾದ್ರು.

ಮಗಳು: ಫೆರಿಶ್ತಾ ಅದನ್ನ ಬರದದ್ದು ಸುಮಾರು ಎಂಬತ್ತು ವರ್ಷ ಆದ ಮ್ಯಾಲ, ಕಾಕಾ. ಅದೂ ವಿಜಯಪುರದ ದರಬಾರಿನಾಗ ಕೂತು. ಸೋಲಿಗೆ ಹೆಂಡ ಕಾರಣ ಅಂದುಬಿಟ್ರ ದಂಡಿನ ಮಾನ ಉಳೀತದ.

ಕಾಕಾ: ಅದೂ ಖರೇನೇ. ಫೆರಿಶ್ತಾನ ಲೆಕ್ಕಾಚಾರ, ಅವ ಕೊಡೋ ಸತ್ತವರ ಸಂಖ್ಯೆ, ಯಾವುದನ್ನೂ ನಾ ಹಂಗೇ ನುಂಗೂದಿಲ್ಲ. ಆದ್ರ ಆ ಕಾಲದ ಯುದ್ಧಕ್ಕ ಬರದಿಟ್ಟ ಕಾರಣಗಳನ್ನ ಒಮ್ಮೆ ಸಾಲಾಗಿ ಇಟ್ಟು ನೋಡು, ಮಜಾ ಅದ. 1366ರ ಸುಮಾರಿಗೆ ಬಹಮನಿ ಮಹಮ್ಮದ್ ಶಾಹ ತನ್ನ ದರಬಾರಿನ ಗಾಯಕರಿಗೆ ಕೊಡೋ ಇನಾಮಿನ ಚೀಟಿನ ವಿಜಯನಗರದ ಖಜಾನೆ ಮ್ಯಾಲ ಬರದುಕೊಟ್ಟ. ಅಂದ್ರ, ಹಾಡು ಕೇಳಿದವ ನಾನು, ರೊಕ್ಕ ಕೊಡೂದು ಬುಕ್ಕರಾಯ! ಬುಕ್ಕ ಆ ಚೀಟಿ ತಂದವನನ್ನ ಕತ್ತೆ ಮ್ಯಾಲ ಕೂಡಿಸಿ ಊರಾಗ ಮೆರೆಸಿದ. ಆತು, ಮುದಗಲ್ಲಿನ ಮ್ಯಾಲ ದಾಳಿ, ರಕ್ತದ ಹೊಳಿ. 1406ರಾಗ ಏನು ನೆವ? ಮುದಗಲ್ಲಿನ ಹತ್ರದ ಒಬ್ಬ ಅಕ್ಕಸಾಲಿಗನ ಮಗಳು. ದೇವರಾಯ ಆಕೀನ್ನ ಬಯಸಿ ಕುದುರಿ ದಂಡು ಕಳಿಸಿದ, ಬಹಮನಿ ಫಿರೋಜ್ ಶಾಹ ಅದನ್ನೇ ಹಿಡಕೊಂಡು ಯುದ್ಧಕ್ಕ ಹೊಂಟ. 1520ರಾಗ? ಗೋವಾದಿಂದ ಕುದುರಿ ತರ್ತೀನಂತ ಕೃಷ್ಣದೇವರಾಯನ ಹತ್ರ ರೊಕ್ಕ ಇಸಕೊಂಡ ವ್ಯಾಪಾರಿ ಒಬ್ಬ ಆದಿಲ್ ಶಾಹನ ಕಡಿ ಓಡಿಹೋದ. ಇದನ್ನ ಬರದವ ಫೆರಿಶ್ತಾ ಅಲ್ಲ, ವಿಜಯನಗರದಾಗ ಇದ್ದ ಪೋರ್ಚುಗೀಸ್ ನೂನಿಜ್. ಗಾಯಕರು, ಅಕ್ಕಸಾಲಿಗನ ಮಗಳು, ಕುದುರಿ ವ್ಯಾಪಾರಿ. ನೆವ ಮೂರು, ಜಾಗ ಒಂದೇ. ರಾಯಚೂರು, ಮುದಗಲ್ಲ ಕೋಟೆ, ಎರಡು ಹೊಳಿ ನಡುವಿನ ಎರಿಭೂಮಿ, ಅದರೊಳಗ ಹಟ್ಟಿ ಬಂಗಾರ, ಪಶ್ಚಿಮದ ಬಂದರಿಗೆ ಹೋಗೋ ದಾರಿ. ಅದು ಬೇಕಾದವರಿಗೆ ನೆವಕ್ಕೇನು ಬರಗಾಲ?

ಮಗಳು: ಇದನ್ನ ನಾವು ತತ್ಕ್ಷಣದ ಕಾರಣ, ಮೂಲ ಕಾರಣ ಅಂತ ಎರಡು ಮಾಡಿ ಹೇಳ್ತೀವಿ. ಹುಡುಗ್ರು ಪರೀಕ್ಷೆಗೆ ಬರೀತಾರ, ಮರೀತಾರ. ಆದ್ರ ಅವರ ತಲಿಯಾಗ ಕೂತಿದ್ದು ಬ್ಯಾರೆ, ಕಾಕಾ. ಇಷ್ಟು ಜಾತಿ, ಇಷ್ಟು ಭಾಷೆ, ಇಷ್ಟು ಧರ್ಮ ಇರೋ ಜಾಗದಾಗ ಯುದ್ಧ ತಪ್ಪಿದ್ದಲ್ಲ ಅಂತ ಅವರು ನಂಬ್ಯಾರ. ದಕ್ಷಿಣ ಏಷ್ಯಾ ಅಂದ್ರ ಅದೇ ಅಲ್ಲೇನು?

ಕಾಕಾ: ಅದನ್ನ ಮೊದಲು ತಗಿ ಅವರ ತಲಿಯಿಂದ. ವಿಜಯಪುರ, ಅಹಮದನಗರ ಎರಡೂ ಸುಲ್ತಾನರವು. ಸೊಲ್ಲಾಪುರದ ಕೋಟೆಗಾಗಿ ಹೊಡೆದಾಡಿದ್ದಕ್ಕ ಲೆಕ್ಕ ಅದಾ? 1565ರಾಗ ರಕ್ಕಸಗಿ–ತಂಗಡಗಿ ಯುದ್ಧಕ್ಕ ಮೊದಲು ಅವರು ಒಂದಾಗಬೇಕಾದ್ರ ಚಾಂದ್ ಬೀಬಿಯ ಲಗ್ನ ಆಗಬೇಕಾತು, ಸೊಲ್ಲಾಪುರ ವರದಕ್ಷಿಣಿಯಾಗಿ ಬರಬೇಕಾತು. ಔರಂಗಜೇಬ 1686ರಾಗ ವಿಜಯಪುರ, ಮರುವರ್ಷ ಗೋಲ್ಕೊಂಡ ನುಂಗಿದ. ಯಾರ ಮ್ಯಾಲ ಹೋದ? ತನ್ನ ಧರ್ಮದವರ ಮ್ಯಾಲೇ. ನಮ್ಮ ಬೇಡ ನಾಯಕರು ಆದಿಲ್‌ಶಾಹಿ ದಂಡಿನಾಗೂ ಇದ್ರು. 1705ರಾಗ ಇಲ್ಲೇ ವಾಗಣಗೇರಾ ಕೋಟೆಗೆ ಔರಂಗಜೇಬ ಮುತ್ತಿಗಿ ಹಾಕಿದಾಗ ಅವರ ಬೆನ್ನಿಗೆ ಬಂದವರು ಮರಾಠರು. ಈಗಿನ ಮಾತೇ ತಗೋ. 2025ರ ಅಕ್ಟೋಬರಿನಾಗ ಅಫ್ಘಾನಿಸ್ತಾನ–ಪಾಕಿಸ್ತಾನ ಗುಂಡು ಹಾರಿಸಿಕೊಂಡ್ರು. ಒಂದೇ ಧರ್ಮ, ಗಡಿಯ ಎರಡೂ ಕಡಿ ಪಶ್ತೂನರೇ. ಅವರ ಜಗಳ 1893ರಾಗ ಡ್ಯುರಾಂಡ್ ಎಳೆದ ಗೆರಿದು. ಹಂಗಾದ ಮ್ಯಾಲ ಬಣ್ಣ ಬಣ್ಣದ ಜನ ಇದ್ದದ್ದಕ್ಕೇ ಯುದ್ಧ ಆಗ್ತದ ಅಂದ್ರ ನಂಬ್ತೀ ಏನು? ತಿಂಥಣಿ ಮೌನೇಶ್ವರನ ಜಾತ್ರಿಗೆ ಯಾರ್‍ಯಾರು ಬರ್ತಾರ ನೀನೇ ನೋಡೀದಿ. ಯಾದಗಿರಿ ಸಂತಿಯಾಗ ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲಾ ಕೇಳಿಬರ್ತದ. ಅಲ್ಲಿ ಜಗಳ ಆಗೂದು ತೂಕದ ಮ್ಯಾಲ.

ಮಗಳು: ಇಷ್ಟು ಸಲೀಸಾಗಿ ಬಿಡೂದಿಲ್ಲ ನಾ. 1948 ಹೇಳ್ರಿ. ಹೈದರಾಬಾದ್ ಸಂಸ್ಥಾನ, ಭಾರತ, ಎರಡೂ ನೆರೆಯವೇ ಆಗಿದ್ವು. 1947ರ ನವೆಂಬರಿನಾಗ ಯಥಾಸ್ಥಿತಿ ಒಪ್ಪಂದ ಆಗಿತ್ತು. ನಿಜಾಮ ವಿಶ್ವಸಂಸ್ಥೆಯ ಬಾಗಿಲು ತನಕ ಹೋದ. ಸೆಪ್ಟೆಂಬರ್ 13ಕ್ಕ ದಂಡು ಒಳಗ ಬಂತು, 17ಕ್ಕ ಮುಗೀತು. ಪೊಲೀಸ್ ಕಾರ್ಯಾಚರಣೆ ಅಂತ ಹೆಸರಿಟ್ರು. ಅದಕ್ಕ ಮೊದಲು ನಿಜಾಮನ ಕಡಿಯ ರಜಾಕಾರರು ಹಳ್ಳಿ ಹಳ್ಳಿ ಸುಟ್ರು. ಆದ ಮ್ಯಾಲ ಏನಾತು? ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಬರದ ವರದಿಯಾಗ ಅತಿ ಹೆಚ್ಚು ಜೀವ ಹೋದ ನಾಕು ಜಿಲ್ಲೆ ಅಂತ ಹೇಳೋ ಪಟ್ಟಿಯಾಗ ಉಸ್ಮಾನಾಬಾದ್, ಬೀದರ್, ನಾಂದೇಡ್ ಜೋಡಿ ನಮ್ಮ ಗುಲ್ಬರ್ಗಾನೂ ಅದ. ಆಗ ಯಾದಗಿರಿ, ಶಹಾಪುರ, ಸುರಪುರ ಎಲ್ಲಾ ಅದೇ ಜಿಲ್ಲೆ. ಸತ್ತವರು ಮುಸಲ್ಮಾನರು, ಅವರೂ ರೈತರು, ನೇಕಾರರು. ಸೆಪ್ಟೆಂಬರ್ 17ಕ್ಕ ಧ್ವಜ ಏರಿಸ್ತೀವಿ, ನಾನೂ ಏರಿಸ್ತೀನಿ, ಆದ್ರ ಆ ವರದಿ ಬಗ್ಗೆ ಯಾರೂ ಬಾಯಿ ಬಿಡೂದಿಲ್ಲ. ವೈವಿಧ್ಯ ಯುದ್ಧಕ್ಕ ಕಾರಣ ಅಲ್ಲ ಅಂತ ನೀವು ಹೇಳೂದು ಒಪ್ತೀನಿ. ಯುದ್ಧ ಶುರು ಆದ ಮ್ಯಾಲ ಊರೊಳಗಿನ ನೆರೆಯವ ಗಡಿ ಆಚಿನ ವೈರಿ ಆಗ್ತಾನ. ಅದನ್ನ ಬಿಟ್ಟು ಮಾತಾಡ್ಲಿಕ್ಕೆ ಆಗೂದಿಲ್ಲ.

ಕಾಕಾ: ಬಿಡಬಾರದು. ನನ್ನ ಮಾತಿಗೆ ಇದನ್ನ ಸೇರಿಸ್ಕೋ. ಒಂದು ಕತಿ ಮಾತ್ರ ಇದರ ಜೋಡಿ ಹೇಳಬೇಕು. ಆ ಬುಕ್ಕ–ಮಹಮ್ಮದ್ ಶಾಹರ ಯುದ್ಧ ಇತ್ತಲ್ಲ, ಗಾಯಕರ ಚೀಟಿದು, ಅದರಾಗ ಹೆಣ್ಣುಮಕ್ಕಳು, ಕೂಸುಗಳು ಎಲ್ಲಾ ಸತ್ರು. ಕಡೀಗೆ ಬುಕ್ಕನ ರಾಯಭಾರಿಗಳು ಹೋಗಿ ಕೇಳಿಕೊಂಡ್ರು: ಇನ್ನ ಮುಂದ ನಮ್ಮ ನಿಮ್ಮ ವಂಶದವರು ಹೊಡೆದಾಡೂದು ಇದ್ದೇ ಅದ, ಆಯುಧ ಇಲ್ಲದವರನ್ನ, ಸೆರೆಸಿಕ್ಕವರನ್ನ ಕೊಲ್ಲೂದು ಬ್ಯಾಡ ಅಂತ. ಸುಲ್ತಾನ ಒಪ್ಪಿದ. ಆ ರೂಢಿ ತನ್ನ ಕಾಲದ ತನಕ ನಡದದ ಅಂತ ಫೆರಿಶ್ತಾ ಬರೀತಾನ. ಎಷ್ಟು ನಡೀತೋ ಬಿಡು, ಅದನ್ನ ಮುರಿದದ್ದೂ ಅದ. ಆದ್ರ ಜಿನಿವಾದಾಗ 1949ರಾಗ ಸಹಿ ಆದ ಮಾತು ಕೃಷ್ಣಾ ದಂಡಿಯಾಗ ಸುಮಾರು ಆರು ನೂರು ವರ್ಷ ಮೊದಲೇ ಆಡಿದ್ರು. ಯುದ್ಧ ನಿಲ್ಲಿಸ್ಲಿಕ್ಕೆ ಆಗದಿದ್ರೂ ಅದಕ್ಕ ಬೇಲಿ ಹಾಕ್ಲಿಕ್ಕೆ ಆಗ್ತದ.

ಮಗಳು: ಬೇಲಿ ಅಂದ್ರಲ್ಲ. ನನಗ ಅದೇ ಬೇಕಾಗ್ಯದ. ಈ ಹೊಳಿ ನಡುವಿನ ನೆಲದಾಗ ಎರಡು ನೂರು ವರ್ಷ ಬಿಡಲಾರದಂಗ ಯುದ್ಧ ಆತು. ಈಗ ಆಗೂದಿಲ್ಲ. ಯಾಕ?

ಕಾಕಾ: ಜಗಳ ಮುಗದದ ಅಂತ ತಿಳಕೊಂಡಿ ಏನು? ಅದೇ ಹೊಳಿ, ಅದೇ ಜಗಳ. 1969ರಾಗ ಬಚಾವತ್ ನ್ಯಾಯಮಂಡಳಿ ಕೂತು, 1973ರಾಗ ತೀರ್ಪು ಕೊಟ್ಟು, 1976ರಾಗ ಅಖೈರು ಮಾಡ್ತು. ಮಹಾರಾಷ್ಟ್ರಕ್ಕ 560, ಕರ್ನಾಟಕಕ್ಕ 700, ಆಂಧ್ರಕ್ಕ 800 ಟಿಎಂಸಿ. ಆಲಮಟ್ಟಿ ಆಣೆಕಟ್ಟಿನ ಗೇಟು 519.6 ಮೀಟರಿಗೆ ನಿಂದ್ರಬೇಕೋ 524.256ಕ್ಕ ಏರಬೇಕೋ ಅಂತ ಸುಪ್ರೀಂ ಕೋರ್ಟ್ ತನಕ ಹೋತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಾಗ ಏರಿಸ್ರಿ ಅಂತು. ಮತ್ತ ತಕರಾರು. 2019ರ ಆಗಸ್ಟಿನಾಗ ಸಾಂಗ್ಲಿ, ಕೊಲ್ಲಾಪುರ ಮುಳುಗಿದಾಗ ಅವರು ಆಲಮಟ್ಟಿ ಕಡಿ ಬಟ್ಟು ತೋರಿಸಿದ್ರು. ಅದೇ ನೀರು ಬಸವಸಾಗರ ಆಣೆಕಟ್ಟಿನಿಂದ ಕೆಳಗ ಬಿಟ್ಟಾಗ ನಮ್ಮ ನೀಲಕಂಠರಾಯನಗಡ್ಡಿ ಮಂದಿ ನಡುಗಡ್ಡಿಯಾಗ ಸಿಕ್ಕೊಂಡ್ರು. ಅವರು ಯಾರ ಕಡಿ ಬಟ್ಟು ತೋರಿಸಬೇಕು? 2023ರ ನವೆಂಬರ್ ಕಡೀಗಂತೂ ತೆಲಂಗಾಣದ ಚುನಾವಣೆ ಹಿಂದಿನ ರಾತ್ರಿ ಆಂಧ್ರದ ಪೊಲೀಸರು ನಾಗಾರ್ಜುನಸಾಗರದ ಅರ್ಧ ಆಣೆಕಟ್ಟು ಹಿಡಕೊಂಡು ಬಲದಂಡಿ ಕಾಲುವಿಗೆ ನೀರು ಬಿಟ್ರು. ಎರಡು ರಾಜ್ಯದ ಪೊಲೀಸರು ಆಣೆಕಟ್ಟಿ ಮ್ಯಾಲ ಎದುರು ಬದರು! ಹಳೇ ಕಾಲ ಆಗಿದ್ರ ಮರುದಿನ ಕುದುರಿ ಜೀನು ಬಿಗೀತಿದ್ರು.

ಮಗಳು: ಕೇಂದ್ರ ಮೀಸಲು ಪೊಲೀಸ್ ಪಡೆ ಬಂದು ಆಣೆಕಟ್ಟು ತನ್ನ ಕೈಗೆ ತಗೊಂಡ್ತು.

ಕಾಕಾ: ಹ್ಞಾಂ. ಜಗಳ ಎಲ್ಲಿಗೆ ಒಯ್ಯಬೇಕು ಅಂತ ಗೊತ್ತಿದ್ದವರಿಗೆ ಯುದ್ಧ ಬೇಕಾಗೂದಿಲ್ಲ. ತೀರ್ಪು ತಡ ಆಗ್ತದ, ವಕೀಲರು ದಪ್ಪಗಾಗ್ತಾರ, ಆಗ್ಲಿ. ಅದು ಅಗ್ಗ. ನನಗ ಇತಿಹಾಸದಾಗ ಕಾಣಿಸಿದ್ದು ಇದೊಂದೇ: ಆಸೆ, ಸಿಟ್ಟು, ಅವಮಾನ ಎಲ್ಲಾ ಕಾಲದಾಗೂ ಇದ್ದೇ ಇರ್ತಾವ. ಅದನ್ನ ಇಳಿಸಿಕೊಳ್ಳಾಕ ಜಾಗ ಇದ್ದಲ್ಲಿ ದಂಡು ಹೊಂಡೂದು ಕಡಿಮಿ.

ಮಗಳು: ನಿಮ್ಮ ಹೋಲಿಕಿ ಇಲ್ಲೇ ಮುರೀತದ, ಕಾಕಾ. ಕರ್ನಾಟಕ, ಆಂಧ್ರದ ಮ್ಯಾಲ ದಿಲ್ಲಿ ಅದ, ಸಂವಿಧಾನ ಅದ, ಮೀಸಲು ಪಡೆ ಅದ. ಭಾರತ, ಪಾಕಿಸ್ತಾನದ ಮ್ಯಾಲ ಯಾರು ಇದ್ದಾರ? ವಿಶ್ವಸಂಸ್ಥೆ ಏನೂ ಮಾಡೂದಿಲ್ಲ. ಥೈಲೆಂಡ್, ಕಾಂಬೋಡಿಯಾ ನೋಡ್ರಿ. ಪ್ರೇಹ್ ವಿಹಾರ್ ಗುಡಿ ಕಾಂಬೋಡಿಯಾದ್ದು ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 1962ರಾಗೇ ತೀರ್ಪು ಕೊಟ್ಟದ. ಇಬ್ಬರೂ ಆಸಿಯಾನ್ ಸದಸ್ಯರು. ಆದ್ರೂ 2025ರ ಜುಲೈನಾಗ ಅದೇ ಗಡಿ ಗುಡಿಗಳ ಸುತ್ತ ತೋಪು ಹಾರಿಸಿದ್ರು. ಜಾಗ ಇದ್ರ ಸಾಲೂದಿಲ್ಲ, ತೀರ್ಪು ಪಾಲಿಸೋ ಹಂಗ ಮಾಡೋ ಕೈ ಬೇಕು. ಇನ್ನ ಮಾತುಕತಿ ಅಂತೀರಿ. ನಮ್ಮ ಪಿಡ್ಡ ನಾಯಕ 1705ರಾಗ ಏನು ಮಾಡಿದ? ಶರಣು ಬರ್ತೀನಿ, ಸಂಧಿ ಮಾಡ್ಕೋತೀನಿ ಅಂತ ಔರಂಗಜೇಬನ ಹತ್ರ ಮಂದೀನ್ನ ಕಳಿಸ್ತಾ ದಿನ ದೂಡಿದ. ಅಷ್ಟರಾಗ ಮರಾಠರು ಬಂದ್ರು. ಸಂಧಿ ಮಾತೂ ಯುದ್ಧದ ಒಂದು ಆಯುಧನೇ.

ಕಾಕಾ: (ನಕ್ಕು) ಸುರಪುರದವ ಸುರಪುರದ ಕತೀಲೇ ಹೊಡೆಸ್ಕೊಂಡ. ನಾಯಕ ಮಾಡಿದ್ದು ತಪ್ಪು ಅಂತ ನಾ ಹೇಳಲಾರೆ. ಎಂಬತ್ತಾರು ವರ್ಷದ ಮುದಿ ಬಾದಶಹ ತಾನೇ ಬಂದು ಸಣ್ಣ ಕೋಟೆ ಮುಂದ ಕೂತಾಗ ಸಣ್ಣವನ ಹತ್ರ ಇರೂದು ಯುಕ್ತಿ ಒಂದೇ. ಕೋಟೆ ಬಿತ್ತು ಖರೆ, ನಾಯಕ ರಾತ್ರೋರಾತ್ರಿ ಪಾರಾದ. ಔರಂಗಜೇಬ ತಾನೇ ನಿಂತು ನಡೆಸಿದ ಕಡೀ ಮುತ್ತಿಗಿ ಅದು. ಎರಡು ವರ್ಷಕ್ಕ ಅಹಮದನಗರದಾಗ ಸತ್ತ. ಆಮ್ಯಾಲ ನಾಯಕರು ಇಲ್ಲಿ ಸುರಪುರ ಕಟ್ಟಿ ಒಂದೂವರೆ ನೂರು ವರ್ಷ ಆಳಿದ್ರು, ಒಂದು ಕಡಿ ನಿಜಾಮ, ಇನ್ನೊಂದು ಕಡಿ ಪೇಶ್ವೆ, ಇಬ್ಬರಿಗೂ ಕಪ್ಪ ಕೊಡ್ತಾ. 1858ರ ಫೆಬ್ರವರಿಯಾಗ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಜೋಡಿ ಹೊಡೆದಾಡಿದ. ಮುಂದ 1860ರಾಗ ಸುರಪುರನ್ನ ನಿಜಾಮಗ ಬಕ್ಷೀಸು ಕೊಟ್ಟುಬಿಟ್ರು. ದೊಡ್ಡವರಿಬ್ಬರ ನಡುವ ಇರೋ ಸಣ್ಣ ದೇಶದ ಹಣೆಬರಹ ತಿಳಕೋಬೇಕು ಅಂದ್ರ ನೇಪಾಳಕ್ಕ ಹೋಗಬೇಕಾಗಿಲ್ಲ, ನಮ್ಮ ಗುಡ್ಡ ಹತ್ತಿದ್ರ ಸಾಕು. ಆದ್ರ ನೀ ಕೇಳಿದ್ದಕ್ಕ ಉತ್ತರ ಇನ್ನೂ ಕೊಟ್ಟಿಲ್ಲ. ಮ್ಯಾಲ ಯಾರೂ ಇಲ್ಲದಾಗ ದೊಡ್ಡ ದೇಶ ತೀರ್ಪಿಗೆ ತಲಿ ಬಾಗಿಸ್ತದೇನು ಅಂದಿ. ಬಾಗಿಸ್ಯದ. 2014ರಾಗ ಬಂಗಾಲ ಕೊಲ್ಲಿಯ ಗಡಿ ವಿಷಯದಾಗ ಹೇಗ್ ನಗರದ ನ್ಯಾಯಮಂಡಳಿ ತಕರಾರಿನ ಸಮುದ್ರದಾಗ ಹೆಚ್ಚಿನ ಪಾಲು ಬಾಂಗ್ಲಾದೇಶಕ್ಕ ಕೊಟ್ತು. ಭಾರತ ಒಪ್ಪಿಕೊಂಡ್ತು. ಮರುವರ್ಷ ನಮ್ಮ ನೆಲದಾಗ ಅವರ 51, ಅವರ ನೆಲದಾಗ ನಮ್ಮ 111 ತುಂಡು ಭೂಮಿ ಅದಲು ಬದಲಾತು. ಒಂದು ಗುಂಡು ಹಾರಲಿಲ್ಲ.

ಮಗಳು: ಸಮುದ್ರದ ಗೆರಿ ಯಾವ ಮತದಾರನ ಕಣ್ಣಿಗೂ ಕಾಣೂದಿಲ್ಲ. ಕಾಶ್ಮೀರ ಹಂಗಲ್ಲ.

ಕಾಕಾ: ಹಂಗಲ್ಲ, ಖರೆ. ಅದಕ್ಕೇ ನಾ ಸಿಂಧೂ ಒಪ್ಪಂದದ ಮ್ಯಾಲ ಅಷ್ಟು ಭರೋಸಾ ಇಟ್ಟಿದ್ದೆ. 1960ರ ಸೆಪ್ಟೆಂಬರ್ 19ಕ್ಕ ಕರಾಚಿಯಾಗ ನೆಹರೂ, ಅಯೂಬ್ ಖಾನ್ ಸಹಿ ಹಾಕಿದ್ರು. ರಾವಿ, ಬಿಯಾಸ್, ಸತ್ಲೆಜ್ ನಮಗ. ಸಿಂಧೂ, ಝೇಲಂ, ಚಿನಾಬ್ ಹೆಚ್ಚಾಗಿ ಅವರಿಗೆ. 65ರ ಯುದ್ಧ ಬಂತು, 71ರ ಯುದ್ಧ ಬಂತು, ಕಾರ್ಗಿಲ್ ಬಂತು, ಒಪ್ಪಂದ ಅಲುಗಾಡಲಿಲ್ಲ. 2025ರ ಏಪ್ರಿಲ್ 22ಕ್ಕ ಪಹಲ್ಗಾಮಿನಾಗ 26 ಮಂದೀನ್ನ ಕೊಂದ್ರು, ಅವರಾಗ ನಮ್ಮ ಕನ್ನಡದವರೂ ಇದ್ರು. ಮರುದಿನ ಭಾರತ ಆ ಒಪ್ಪಂದ ಅಮಾನತಿನಾಗ ಇಟ್ಟದ.

ಮಗಳು: ಇಡಬಾರದಿತ್ತು ಅಂತೀರೇನು? ಕೊಂದವರ ಹಿಂದ ಇದ್ದವರಿಗೆ ನೀರು ಹರಿಸ್ತಾ ಕೂಡಬೇಕಿತ್ತೇನು?

ಕಾಕಾ: ಸಿಟ್ಟು ನ್ಯಾಯದ್ದೇ. ಆದ್ರ ನೀರಿನ ಮಾತಿನಾಗ ನಾವು ಮ್ಯಾಲಿನವರೂ ಹೌದು, ಕೆಳಗಿನವರೂ ಹೌದು ಅನ್ನೋದನ್ನ ಆಲಮಟ್ಟಿ ಕೆಳಗಿನ ರೈತಗ ಹೇಳಿಕೊಡಬೇಕಾಗಿಲ್ಲ. ಬ್ರಹ್ಮಪುತ್ರದ ಮ್ಯಾಲ ಚೀನಾ ಕೂತದ. ಇವತ್ತು ನಾವು ಕಲಿಸಿದ ಪಾಠ ನಾಳೆ ಅವರು ಒಪ್ಪಿಸ್ತಾರ.

ಮಗಳು: ಈಗ ನನ್ನ ಶಾಸ್ತ್ರದ ಮಾತು ಹೇಳ್ತೀನಿ ಕೇಳ್ರಿ. ದೊಡ್ಡ ಯುದ್ಧ ಆಗೂದಿಲ್ಲ, ಯಾಕಂದ್ರ ಎರಡೂ ಕಡಿ ಅಣುಬಾಂಬು ಅದ. 1998ರ ಮೇ ತಿಂಗಳಾಗ ಪೋಖ್ರಾನಿನಾಗ ನಮ್ಮ ಪರೀಕ್ಷೆ, ಅದೇ ತಿಂಗಳು ಚಾಗೈನಾಗ ಅವರದು. ಅಂದಿನಿಂದ 1971ರಂಥ ಯುದ್ಧ ಆಗಿಲ್ಲ. ಹೆದರಿಕಿನೇ ಶಾಂತಿ ಕಾಯ್ತದ.

ಕಾಕಾ: ಈಗ ಗೋಗಿಯ ಯುರೇನಿಯಂಕ್ಕ ಬಂದ್ವಿ ನೋಡು. ಸುಲ್ತಾನರು ಮಲಗಿದ ಊರಾಗೇ ನೆಲದ ಕೆಳಗ ಅದು ಸಿಕ್ಕದ. ಗಣಿ ಪರೀಕ್ಷೆಗೆ ತೋಡಿದ್ರು, ಬಾವಿ ನೀರು ಕೆಡ್ತದ, ಬ್ಯಾಡ ಅಂತ ಊರವರು ವಿರೋಧ ಮಾಡಿದ್ರು. ಅದು ವಿದ್ಯುತ್ತಿಗೆ ಅಂತಾರ, ಇರ್ಲಿ. ಬಾಂಬಿನ ಹೆದರಿಕಿ ಬಗ್ಗೆ ನಿನಗ ಒಂದೇ ಪ್ರಶ್ನೆ: 1998ರ ಮೇ ಆದ ಮ್ಯಾಲ 1999ರ ಮೇ ತಿಂಗಳಾಗ ಏನಾತು?

ಮಗಳು: ಕಾರ್ಗಿಲ್. ಫೆಬ್ರವರಿಯಾಗ ವಾಜಪೇಯಿ ಲಾಹೋರಿಗೆ ಬಸ್ಸಿನಾಗ ಹೋಗಿ ಬಂದಿದ್ರು, ಮೇನಾಗ ಯುದ್ಧ.

ಕಾಕಾ: ಬಾಂಬು ದೊಡ್ಡ ಯುದ್ಧಕ್ಕ ಹೆದರಿಸ್ತದ, ಹೌದು. ಆದ್ರ ಅದೇ ಧೈರ್ಯದ ಮ್ಯಾಲ ಸಣ್ಣ ಕದನಕ್ಕ ಕೈ ಹಾಕ್ತಾರ: ಅವ ದೊಡ್ಡದಕ್ಕ ಹೋಗೂದಿಲ್ಲ, ನಾ ಇಷ್ಟು ಮಾಡಿದ್ರ ನಡೀತದ ಅಂತ. ಇಸ್ಮಾಯಿಲ್ ಹೊಳಿ ದಾಟೋವಾಗಲೂ ದಿನದಾಗ ಮುಗಿಸಿ ಬರ್ತೀನಿ ಅಂದ್ಕೊಂಡೇ ದಾಟಿರಬೇಕು.

ಮಗಳು: ಅಲ್ಲಿ ನನಗ ಖರೇನೇ ಭಯ ಆಗೋ ವಿಷಯ ಒಂದು ಅದ. ಪಟ್ಟಿ ಮಾಡಿದ್ರ ತಿಳೀತದ. 2001ರಾಗ ಸಂಸತ್ತಿನ ಮ್ಯಾಲ ದಾಳಿ ಆತು. ಗಡಿಗೆ ದಂಡು ತಂದು ತಿಂಗಳುಗಟ್ಟಲೆ ನಿಂದ್ರಿಸಿದ್ರು, ದಾಟಲಿಲ್ಲ. 2008ರಾಗ ಮುಂಬೈ; ದಂಡು ದಾಟಲಿಲ್ಲ. 2016ರಾಗ ಉರಿ ಆದ ಮ್ಯಾಲ ನಿಯಂತ್ರಣ ರೇಖೆ ದಾಟಿ ಹೊಡೆದ್ರು. 2019ರಾಗ ಪುಲ್ವಾಮಾ ಆದ ಮ್ಯಾಲ ವಿಮಾನ ಬಾಲಾಕೋಟ್ ತನಕ ಹೋತು. 2025ರ ಮೇ 7ರಿಂದ 10ರ ತನಕ ಪಾಕಿಸ್ತಾನದ ಪಂಜಾಬಿನ ಒಳಗ ಕ್ಷಿಪಣಿ, ಡ್ರೋನು, ವಾಯುನೆಲೆ. ಆ ವಾರ ದೇಶದ ತುಂಬ ಸೈರನ್ ಹಾಕಿ ಅಣಕು ಕಾರ್ಯಾಚರಣೆ ಮಾಡಬೇಕಾದ ಜಾಗದ ಪಟ್ಟಿಯಾಗ ಕರ್ನಾಟಕದಿಂದ ಬೆಂಗಳೂರು, ಕಾರವಾರದ ಜೋಡಿ ನಮ್ಮ ಬಾಜೂಕಿನ ರಾಯಚೂರಿನ ಹೆಸರೂ ಇತ್ತು. ಮೆಟ್ಟಿಲು ಒಂದೊಂದೇ ಏರ್‍ತಾ ಹೊಂಟದ, ಕಾಕಾ. ಇಳಿದದ್ದು ಒಮ್ಮೆನೂ ಇಲ್ಲ. ಇನ್ನ ಮುಂದ ಯಾವ ಭಯೋತ್ಪಾದಕ ದಾಳಿ ಆದ್ರೂ ಅದನ್ನ ಯುದ್ಧ ಅಂತೇ ತಿಳೀತೀವಿ ಅಂತ ಸರ್ಕಾರದ ಕಡಿಂದ ಬಂದದ. ನಾ ರಾಜ್ಯಶಾಸ್ತ್ರದವಳಾಗಿ ಹೇಳ್ತೀನಿ, ಇದರಾಗ ಯುದ್ಧ ಯಾವಾಗ ಅನ್ನೋದನ್ನ ನಿರ್ಧರಿಸೂದು ದಿಲ್ಲಿನೂ ಅಲ್ಲ, ಇಸ್ಲಾಮಾಬಾದೂ ಅಲ್ಲ. ಬಂದೂಕು ಹಿಡಿದ ನಾಕು ಮಂದಿ.

ಕಾಕಾ: ಕುದುರಿ ವ್ಯಾಪಾರಿ.

ಮಗಳು: ಹಂಗೇ ಅನ್ರಿ. ಆದ್ರ ಆ ವ್ಯಾಪಾರಿಗೆ ಯುದ್ಧ ಬೇಕಾಗಿರಲಿಲ್ಲ, ರೊಕ್ಕ ಬೇಕಾಗಿತ್ತು. ಇವರಿಗೆ ಯುದ್ಧನೇ ಬೇಕು.

ಕಾಕಾ: ಇದನ್ನ ನಾ ಒಪ್ತೀನಿ. ಅದರ ಮ್ಯಾಲ ಇನ್ನೊಂದು ಹಾಕು. ಮೇ 10ಕ್ಕ ಎರಡೂ ದೇಶದ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು ಫೋನಿನಾಗ ಮಾತಾಡಿ ನಿಲ್ಲಿಸಿದ್ರು. ಮರುದಿನದಿಂದ ಎರಡೂ ದೇಶದಾಗ ವಿಜಯೋತ್ಸವ. ಪಾಕಿಸ್ತಾನದವರು ತಮ್ಮ ಸೇನಾಪತಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ರು. ಸೋತವ ಮತ್ತೊಮ್ಮೆ ಹೋಗೋ ಮುಂಚೆ ವಿಚಾರ ಮಾಡ್ತಾನ. ಇಬ್ಬರೂ ಗೆದ್ದೀವಿ ಅಂತ ನಂಬಿದ ಯುದ್ಧದ ಮ್ಯಾಲ ಇನ್ನೊಂದು ಯುದ್ಧ ಬೇಗ ಬರ್ತದ.

ಮಗಳು: ಚೀನಾ?

ಕಾಕಾ: 1962 ಮರೀಲಿಕ್ಕೆ ಆಗೂದಿಲ್ಲ. ಆದ್ರ 2020ರ ಜೂನ್ 15ಕ್ಕ ಗಾಲ್ವಾನಿನಾಗ ನಮ್ಮ 20 ಯೋಧರು ಸತ್ತದ್ದು ಯಾವುದರಿಂದ? ಕಲ್ಲು, ಮೊಳಿ ಹೊಡೆದ ಬಡಿಗಿ. ಬಂದೂಕು ಬಳಸಬಾರದು ಅಂತ 1996ರಾಗ ಮಾಡಿಕೊಂಡ ಒಪ್ಪಂದ ಆ ರಾತ್ರಿ ಕತ್ತಲಾಗೂ ಅರ್ಧ ಉಳೀತು. ಇದನ್ನ ಕೇಳಿ ನಗಬೇಕೋ ಅಳಬೇಕೋ ತಿಳೀಲಿಲ್ಲ ನನಗ. ಆದ್ರ ಅವತ್ತು ತೋಪು ಹಾರಿದ್ರ ಏನಾಗ್ತಿತ್ತು? ಉಳಿದವರ ಮಾತು ಬಿಡು. ನೇಪಾಳ ನಕಾಶೆ ಬದಲಿಸ್ತದ, ಬಾಂಗ್ಲಾದವರು ಮುನಿಸ್ಕೋತಾರ, ಶ್ರೀಲಂಕಾ ಮೀನುಗಾರರನ್ನ ಹಿಡೀತದ. ಅಲ್ಲೆಲ್ಲಾ ಮುನಿಸು ಅದ, ಯುದ್ಧ ಇಲ್ಲ.

ಮಗಳು: ವ್ಯಾಪಾರ ಹೆಚ್ಚಾದ್ರ ಯುದ್ಧ ಕಡಿಮಿ ಆಗ್ತದ ಅಂತ ನಮ್ಮ ಪುಸ್ತಕದಾಗ ಅದ.

ಕಾಕಾ: ಗೋವಾದ ಕುದುರಿ ವ್ಯಾಪಾರ ಯುದ್ಧ ಕಡಿಮಿ ಮಾಡ್ಲಿಲ್ಲ, ಹೆಚ್ಚು ಮಾಡ್ತು. ರಾಯಚೂರು ಮುತ್ತಿಗಿಯಾಗ ಕೋಟೆ ಗೋಡಿ ಮ್ಯಾಲಿನವರನ್ನ ಬಂದೂಕಿನಿಂದ ಉರುಳಿಸಿದವರು ಪೋರ್ಚುಗೀಸರು. ಈಗ ಪಾಕಿಸ್ತಾನದ ವಿಮಾನ ಚೀನಾದ್ದು, ನಮ್ಮ ವಿಮಾನ ಫ್ರಾನ್ಸಿಂದು. ಮೇ ತಿಂಗಳ ಕದನ ಮುಗಿದ ಮ್ಯಾಲ ಯಾರ ವಿಮಾನ ಚಲೋ ಅಂತ ಮಾರಾಟಗಾರರು ವಾದ ಮಾಡಿದ್ರು. ಇನ್ನ ಹತ್ತಿ, ತೊಗರಿ ವ್ಯಾಪಾರ ಅಂತೀಯೇನು? ಶಹಾಪುರದ ಜಿನ್ನಿಂಗ್ ಮಿಲ್ಲಿನವರನ್ನ ಕೇಳು, ಲಾಹೋರಿಗೆ ಅರಳಿ ಕಳಿಸಿದವರು ಸಿಗ್ತಾರೇನು ನೋಡೋಣ. ಇದ್ದ ವ್ಯಾಪಾರ ನಿಂತದ, ಹೋಗೋ ವಿಮಾನ ನಿಂತಾವ. ಸಾರ್ಕ್ ಶೃಂಗಸಭೆ ಕಡೀಗೆ ಆಗಿದ್ದು 2014ರಾಗ ಕಾಠ್ಮಂಡುವಿನಾಗ. ಈಗ ನಿನ್ನ ಕಾಲೇಜಿಗೆ ಸೇರಿದ ಹುಡುಗ್ರು ಆಗ ಒಂದನೇ ಎರಡನೇ ತರಗತಿ.

ಮಗಳು: ಹಂಗಾದ್ರ ಉತ್ತರ ಹೇಳ್ರಿ. ನಾಳೆ ಹತ್ತು ಗಂಟೆಗೆ ಕ್ಲಾಸ್ ಅದ.

ಕಾಕಾ: ನೂರಕ್ಕ ಇಷ್ಟು ಅಂತ ಹೇಳೋರು ಜ್ಯೋತಿಷಿ, ಇಲ್ಲಾ ಟೀವಿಯವರು. ನಾ ಹೇಳೂದು ಇಷ್ಟೇ. 1971ರಂಗ ನೆಲ ಹಿಡಿಯೋ ದೊಡ್ಡ ಯುದ್ಧದ ಸಂಭವ ಕಡಿಮಿ. ನಾಕೈದು ದಿನದ ಕದನ, ಅದೂ ಹೋದ ಸಲಕ್ಕಿಂತ ಒಂದು ಮೆಟ್ಟಿಲು ಮ್ಯಾಲ, ಇದರ ಸಂಭವ ಹೆಚ್ಚು. ಈ ಹುಡುಗ್ರು ನೌಕರಿಗೆ ಸೇರೋ ವಯಸ್ಸಿನಾಗೇ ನೋಡ್ತಾರ ಅಂತ ನನ್ನ ಅಂದಾಜು. ಆ ಎರಡರ ನಡುವಿನ ದೂರ ಎಷ್ಟು ಅಂತ ಕದನ ಶುರು ಮಾಡಿದವರಿಗೂ ಗೊತ್ತಿರೂದಿಲ್ಲ. ನನಗ ಅಂಜಿಕಿ ಇರೂದು ಅಲ್ಲಿ.

ಮಗಳು: ಅವರು ಏನು ನೋಡ್ತಾ ಇರಬೇಕು? ಯಾವುದು ಬದಲಾದ್ರ ಸಂಭವ ಇಳೀತು ಅಂತ ತಿಳೀಬೇಕು?

ಕಾಕಾ: ಭಾಷಣ ನೋಡಬ್ಯಾಡ್ರಿ ಅನ್ನು. ಎರಡು ಕಡಿಯವರೂ ಕೂಡೋ ಮೇಜು ಎಷ್ಟು ಉಳದಾವ ಅದನ್ನ ಎಣಿಸ್ರಿ ಅನ್ನು. ಫೋನು ಒಂದು ಅದ. ಇನ್ನೊಂದು, 1988ರಾಗ ಆದ ಒಪ್ಪಂದ: ಅಣು ಸ್ಥಾವರಗಳ ಮ್ಯಾಲ ಒಬ್ಬರಿಗೊಬ್ಬರು ದಾಳಿ ಮಾಡೂದಿಲ್ಲ ಅಂತ, ಅದಕ್ಕಾಗಿ ಪ್ರತಿ ಜನವರಿ 1ಕ್ಕ ಎರಡೂ ದೇಶ ತಮ್ಮ ತಮ್ಮ ಸ್ಥಾವರಗಳ ಪಟ್ಟಿ ಅದಲು ಬದಲು ಮಾಡ್ಕೋತಾವ. 1992ರಿಂದ ನಡದದ. ಕಾರ್ಗಿಲ್ ಆದ ಮುಂದಿನ ಜನವರಿಗೂ ತಪ್ಪಲಿಲ್ಲ, ಪುಲ್ವಾಮಾ ಆದ ಮುಂದಿನ ಜನವರಿಗೂ ತಪ್ಪಲಿಲ್ಲ. ಪೇಪರಿನಾಗ ಒಳಪುಟದಾಗ ನಾಕು ಸಾಲು ಬರ್ತದ, ಯಾರೂ ಓದೂದಿಲ್ಲ.

ಮಗಳು: ನಾ ಓದಿಸ್ತೀನಿ. ಆದ್ರ ಒಂದು ಪಟ್ಟಿ, ಒಂದು ಫೋನು ಇಷ್ಟರ ಮ್ಯಾಲ ನೂರಾರು ಕೋಟಿ ಮಂದಿಯ ಬದುಕು ನಿಂತದ ಅಂತ ಹೇಳಿದ್ರ ಹುಡುಗ್ರು ನಂಬೂದಿಲ್ಲ.

ಕಾಕಾ: ನಂಬದಿದ್ರ ಚಲೋ ಆತು, ಸಾಲೂದಿಲ್ಲ ಅಂತ ಕೇಳ್ಲಿ. ನಮ್ಮ ಸರ್ಕಾರನ್ನೂ ಕೇಳ್ಲಿ. ಆ ಸಿಂಧೂ ಒಪ್ಪಂದದ ಪ್ರಕಾರ ಎರಡೂ ದೇಶದವರು ಕೂಡೋ ಆಯೋಗ ಮತ್ತ ಕೂಡೋ ತನಕ ಯುದ್ಧದ ಸಂಭವ ಇಳದದ ಅಂತ ನಾ ಹೇಳೂದಿಲ್ಲ.